ಒಂದು ಮನೆಯ ಎರಡು ಮೊಣಕೈ

ನಮ್ಮ ಕೆಳಗಿನ ಮನೆಯವರು ಈಚೆಗೆ ಹಾಲ್‌ಗೆ ಹೊಸ ಸೀಲಿಂಗ್ ಮಾಡಿಸಿದರು. ಕೆಲಸದವರು ಮೆಟ್ಟಿಲ ಬುಡದಲ್ಲೇ ಕುಳಿತು ಬಕೆಟ್ಟಿನಲ್ಲಿ ಬಿಳಿ ಪುಡಿಗೆ ನೀರು ಸುರಿದು ಕಲಸುತ್ತಿದ್ದರು. ಸೊಪ್ಪಿನ ಚೀಲ ಹಿಡಿದು ಮೇಲೆ ಹೊರಟಿದ್ದ ನಾನು ಆ ವಾಸನೆ ಮೂಗಿಗೆ ಬಿದ್ದದ್ದೇ ನಿಂತುಬಿಟ್ಟೆ. ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಮೇಲೆ ಮಳೆ ಹನಿದಾಗ ಏಳುತ್ತದಲ್ಲ, ಹಾಗೆ ತಣ್ಣಗೆ, ಸ್ವಲ್ಪ ಮಣ್ಣುಮಣ್ಣಾಗಿ, ಗಂಟಲ ತುದಿಯಲ್ಲಿ ಸಣ್ಣಗೆ ಅಂಟುವಂಥ ವಾಸನೆ. ಆ ಪುಡಿ ನೀರು ಕುಡಿದಾಗ ತಣ್ಣಗಿರುತ್ತದೆ, ಗಟ್ಟಿಯಾಗುತ್ತ ಬಿಸಿಯೇರುತ್ತದೆ ಎಂಬುದು ನನಗೆ ಎಂಟನೇ ವಯಸ್ಸಿನಿಂದ ಗೊತ್ತು. ನನ್ನ ಎಡಗೈಗೆ ಗೊತ್ತು ಎನ್ನುವುದೇ ಸರಿ. ಅಷ್ಟು ಹೊತ್ತು ನಿಂತದ್ದಕ್ಕೆ ಕೆಲಸದವನು ನಾನೇನೋ ದೂರು ಹೇಳಲು ಬಂದೆನೆಂದು ತಿಳಿದು ಬಕೆಟ್ಟನ್ನು ಗೋಡೆಯ ಕಡೆ ಎಳೆದುಕೊಂಡ. ನಾನು ಅವನಿಗೆ ಏನೂ ಹೇಳದೆ ಮೇಲೆ ಹತ್ತಿದೆ. ನಿಮಗಾದರೆ ಹೇಳಬಹುದು. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಅದು ಈಗ ಇಲ್ಲದಿರಬೇಕು.

ನಾನು ಹುಟ್ಟಿದ್ದು ಬೈರಸಂದ್ರದಲ್ಲಿ. ಇವತ್ತು ಜಯನಗರದ ಬೀದಿಗಳ ನಡುವೆ ಕರಗಿಹೋಗಿರುವ ಆ ಹೆಸರಿಗೆ ಆಗ ಒಂದು ಕೆರೆ, ಒಂದು ಕಣ, ಸುತ್ತಲೂ ರಾಗಿಹೊಲ ಇದ್ದವು. ಐವತ್ತರ ದಶಕದ ಮೊದಲ ಭಾಗದಲ್ಲಿ ಸರ್ಕಾರ ಬಡಾವಣೆಗೆಂದು ಹೊಲಗಳನ್ನು ತೆಗೆದುಕೊಂಡಿತು. ನಮ್ಮ ತಾತ ಚಿಕ್ಕಮುನಿಯಪ್ಪ, ಬಂದ ಅಧಿಕಾರಿಗಳು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದ್ದ. ಒತ್ತಿದ ಮೇಲೆ ಅದೇ ಹೊಲದಲ್ಲಿ ದಪ್ಪ ಕಲ್ಲುಗಳು ಬಂದು ಕೂತವು, ಅವರೆಗಿಡದ ಸಾಲಿನ ಮೇಲೆ ರಸ್ತೆ ಎಂದು ಸುಣ್ಣದ ಗೆರೆ ಬಿತ್ತು. ಅಂದಿನಿಂದ ತಾತನಿಗೆ ಟೇಪು ಹಿಡಿದವರು, ಕಾಗದ ಹಿಡಿದವರು, ಷರಾಯಿ ತೊಟ್ಟವರು, ಯಾರನ್ನು ಕಂಡರೂ ಅನುಮಾನ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ರಸ್ತೆಯಲ್ಲಿ ಹೋಗುವವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಳೆಯೋರು ಬಂದರೆಂದರೆ ನಾವು ಏನೋ ಕಳಕೊಂಡೆವೆಂದೇ ಲೆಕ್ಕ ಎನ್ನುತ್ತಿದ್ದ.

ಅಮ್ಮನ ಅನುಮಾನ ಬೇರೆ ಜಾತಿಯದು. ಅದಕ್ಕೆ ಕಾರಣ ಬೇಕಿರಲಿಲ್ಲ. ಗಾಣದಿಂದ ತಂದ ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸುತ್ತಿದ್ದಳು. ದರ್ಜಿ ಬಟ್ಟೆ ಕತ್ತರಿಸುವಾಗ ಎದುರಿಗೇ ನಿಲ್ಲುತ್ತಿದ್ದಳು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ಸಂಜೆ ಎತ್ತುವಾಗ ರಾಶಿ ಕುಗ್ಗಿದೆಯೆಂದು ಗೊಣಗುತ್ತಿದ್ದಳು, ಒಣಗಿದ ಮೇಲೆ ಕುಗ್ಗುವುದು ಸಹಜವಲ್ಲವೇ. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ, ನಗುಮುಖದ ಎತ್ತರದ ಹೆಂಗಸು. ಅಮ್ಮನ ಹೆಸರು ಹಿಡಿದು, ಪುಟ್ಟತಾಯಿ ದೇವರ ತೀರ್ಥವನ್ನೂ ಮೂಸಿ ಕುಡಿಯುತ್ತಾಳೆಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಅಮ್ಮನೂ ನಗುತ್ತಿದ್ದಳು. ನನ್ನ ಅಪ್ಪ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿರುತ್ತಿದ್ದುದೇ ಅಪರೂಪ. ಹಾಗಾಗಿ ಇಬ್ಬರು ಹೆಂಗಸರೇ ಒಂದು ಒಲೆಯ ಎರಡು ಬದಿ ಕೂತು ಆ ಮನೆ ನಡೆಸುತ್ತಿದ್ದರು. ಒಬ್ಬಳು ಮುದ್ದೆ ತೊಳಸಿದರೆ ಇನ್ನೊಬ್ಬಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ರಾಗಿ ಬೇಯುವ ಮಣ್ಣಿನಂಥ ಘಮ, ಇಂಗಿನ ಹೊಗೆ, ಹಸುವಿನ ಉಸಿರು ಎಲ್ಲ ಬೆರೆತ ಆ ನಡುಮನೆಯ ಕತ್ತಲಲ್ಲಿ ಅವರ ಮಾತು ನಿಲ್ಲುತ್ತಲೇ ಇರಲಿಲ್ಲ.

ನಮ್ಮ ಹೊಲವಾಗಿದ್ದ ಜಾಗದಲ್ಲಿ ಆಗ ಚರಂಡಿಗೆಂದು ಭಾರಿ ಸಿಮೆಂಟು ಪೈಪುಗಳನ್ನು ತಂದು ಒಂದರ ಮೇಲೊಂದು ಪೇರಿಸಿದ್ದರು. ಬಿಸಿಲಿಗೆ ಕಾದ ಆ ಪೈಪುಗಳೊಳಗೆ ತಲೆ ತೂರಿಸಿ ಕೂಗಿದರೆ ನಮ್ಮದೇ ದನಿ ಯಾರೋ ದೊಡ್ಡವರ ದನಿಯಾಗಿ ವಾಪಸು ಬರುತ್ತಿತ್ತು. ನಾನು ಮತ್ತು ದೊಡ್ಡಮ್ಮನ ಒಬ್ಬನೇ ಮಗ ನಂಜಣ್ಣ, ನನಗಿಂತ ವರ್ಷ ದೊಡ್ಡವನು, ದಿನವೂ ಅಲ್ಲೇ ಇರುತ್ತಿದ್ದೆವು. ಒಂದು ಮಧ್ಯಾಹ್ನ ಕೈ ಕೈ ಹಿಡಿದು ಮೇಲಿನ ಸಾಲಿನ ಮೇಲೆ ಓಡುತ್ತಿದ್ದಾಗ ಕಾಲಡಿಯ ಪೈಪು ಹೊರಳಿತು. ಇಬ್ಬರೂ ಒಟ್ಟಿಗೆ ಬಿದ್ದೆವು. ಮೊದಲು ಯಾರ ಕಾಲು ಜಾರಿತು ಎಂದು ಆಮೇಲೆ ಎಷ್ಟೋ ಜನ ಕೇಳಿದರು. ನನಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನೆಲಕ್ಕೆ ಊರಿದ ನನ್ನ ಎಡಗೈ ಮೊಣಕೈಯ ಮೇಲೆ ಹಿಂದಕ್ಕೆ ಮುರಿದು, ನೋಡುವವರು ಮುಖ ತಿರುಗಿಸುವ ಹಾಗಿತ್ತು. ನಂಜಣ್ಣನ ಬಲಗೈ ಮೊಣಕೈಯ ಹೊರಬದಿ ಸ್ವಲ್ಪ ಊದಿತ್ತು, ಅಷ್ಟೆ. ಅವನು ಅಳಲೂ ಇಲ್ಲ.

ತಾತ ಗಾಡಿ ಕಟ್ಟಿಸಿದ. ಗೊಟ್ಟಿಗೆರೆಯಲ್ಲಿ ಮೂಳೆಗೆ ಕಟ್ಟು ಹಾಕುವ ಒಬ್ಬ ಹಿರಿಯನಿದ್ದ. ತಾತ ಹರೆಯದಲ್ಲಿ ಕಾಲು ಮುರಿದುಕೊಂಡಾಗ ಅವನ ತಂದೆಯೇ ಕಟ್ಟು ಹಾಕಿ ನೆಟ್ಟಗೆ ಮಾಡಿದ್ದನಂತೆ, ಆ ನಂಬಿಕೆ. ದಾರಿಯುದ್ದಕ್ಕೂ ಗಾಡಿಯ ಒಂದೊಂದು ಕುಲುಕಿಗೂ ನನ್ನ ಕಣ್ಣಲ್ಲಿ ಕಿಡಿ ಹಾರುತ್ತಿತ್ತು. ಆ ಹಿರಿಯ ಒಳ್ಳೆಯವನು. ಮಕ್ಕಳ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದ. ನನ್ನ ಕೈ ಎಳೆದು, ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು, ಯಾವುದೋ ಕಹಿ ಸೊಪ್ಪು ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ. ಹಂದದ ಹಾಗೆ ಬಿಗಿಯಾಗಿ ಸುತ್ತಿದ. ನಂಜಣ್ಣನದು ಬರೀ ಉಳುಕು, ಎಣ್ಣೆ ತಿಕ್ಕಿದರೆ ಸಾಕೆಂದು ತೆಳ್ಳಗೆ ಒಂದು ಪಟ್ಟಿ ಕಟ್ಟಿ ಕಳಿಸಿದ. ತಾತ ನೆಮ್ಮದಿಯಿಂದ ಮರಳಿದ. ದಾರಿಯಲ್ಲಿ ನಮಗಿಬ್ಬರಿಗೂ ಕಡಲೆಮಿಠಾಯಿ ಕೊಡಿಸಿದ. ನಾನು ನನ್ನದನ್ನು ನಂಜಣ್ಣನಿಗೆ ಕೊಟ್ಟೆ, ತಿನ್ನಲಾಗಲಿಲ್ಲ.

ಬೆಳಗಾಗುವಷ್ಟರಲ್ಲಿ ನೋವು ಬೇರೆ ಥರದ್ದಾಗಿತ್ತು. ಮುರಿದ ಕಡೆಯಲ್ಲಿ ಅಲ್ಲ, ಮುಂಗೈಯ ಒಳಗೆ, ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಎಲ್ಲರೂ ಮೂಳೆ ಕೂಡುವಾಗ ಹಾಗೇ ಎಂದರು. ಅಮ್ಮ ಮಾತ್ರ ನನ್ನನ್ನು ಜಗಲಿಯ ಬೆಳಕಿಗೆ ಕರೆತಂದು ಬೆರಳುಗಳನ್ನು ನೋಡಿದಳು. ಅವು ತಣ್ಣಗಿದ್ದವು, ಬದನೆಕಾಯಿಯ ಬಣ್ಣ ತಿರುಗುತ್ತಿದ್ದವು. ಉಗುರನ್ನು ಒತ್ತಿ ಬಿಟ್ಟಳು. ಬೆಳ್ಳಗಾದ ಉಗುರು ಬೆಳ್ಳಗೇ ಉಳಿಯಿತು. ತನ್ನ ಉಗುರನ್ನು ಒತ್ತಿ ನೋಡಿಕೊಂಡಳು. ನಂಜಣ್ಣನ ಉಗುರನ್ನು ಒತ್ತಿದಳು. ಮತ್ತೆ ನನ್ನದು. ಎಣ್ಣೆ ಮೂಸುವಾಗಿನ, ಬಟ್ಟೆ ಅಳೆಯುವಾಗಿನ ಅದೇ ಮುಖ. ಆಮೇಲೆ ಒಳಗೆ ಹೋಗಿ ಸೊಪ್ಪು ಕೊಯ್ಯುವ ಕುಡುಗೋಲು ತಂದಳು.

ಕಟ್ಟು ಬಿಚ್ಚಿದರೆ ಕೈ ಹೋಗುತ್ತದೆಂದು ತಾತ ಎದ್ದು ನಿಂತ. ಆ ಮನೆಯಲ್ಲಿ ಅವನ ಮಾತಿಗೆ ಎದುರು ಮಾತು ಎಂಬುದೇ ಇರಲಿಲ್ಲ. ಅಮ್ಮ ಸೆರಗು ತಲೆಯ ಮೇಲೆಳೆದುಕೊಂಡಳು, ಮಾವನ ಮುಖ ನೋಡಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ನಂಗೆ ಇದು ಸರಿ ಕಾಣಲ್ಲ ಮಾವ," ಎಂದಳು. "ಬೈಯೋದಿದ್ರೆ ಆಮೇಲೆ ಬೈರಿ."

ಕುಡುಗೋಲಿನ ತುದಿಯಿಂದ ಬಟ್ಟೆ ಸೀಳಿದಳು. ಒಣಗಿದ ಲೋಳೆ ಚಟಚಟನೆ ಒಡೆಯಿತು. ಬೆರಳುಗಳಿಗೆ ರಕ್ತ ವಾಪಸು ಬಂದಾಗ ಆದ ಉರಿಗೆ ನಾನು ಕಿರುಚಿದ್ದು ಕೆರೆಯಂಗಳದವರೆಗೂ ಕೇಳಿಸಿತಂತೆ. ಅಮ್ಮ ಮುರಿದ ಕೈಯನ್ನು ತನ್ನ ಸೆರಗಿನಲ್ಲೇ ಜೋಲಿ ಕಟ್ಟಿ, ನನ್ನನ್ನೆತ್ತಿಕೊಂಡು ಲಾಲ್‌ಬಾಗಿನ ಕಡೆ ನಡೆದಳು. ಅಲ್ಲಿ ಜಟಕಾ ಸಿಕ್ಕಿತು. ಕುದುರೆಯ ಬೆವರು, ಹಸಿಹುಲ್ಲು, ಅಮ್ಮನ ಕುತ್ತಿಗೆಯ ಅರಿಸಿನ, ಆ ಬೆಳಗಿನದು ನನಗೆ ನೆನಪಿರುವುದು ಇಷ್ಟೇ.

ಪೇಟೆಯೊಳಗಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಗಿನ ಮೇಲೆ ಸಿಹಿಸಿಹಿ ವಾಸನೆಯ ಬಟ್ಟೆಯಿಟ್ಟು ಮಲಗಿಸಿ ಮೂಳೆಯನ್ನು ಎಳೆದು ಕೂಡಿಸಿದರು. ಕೈ ಮಡಿಸಿದರೆ ಊತಕ್ಕೆ ನಾಡಿ ನಿಲ್ಲುತ್ತಿತ್ತಂತೆ. ಅದಕ್ಕೆ ಮಡಿಸದೆ, ಮುಂಗೈಗೆ ಅಂಟುಪಟ್ಟಿ ಹಚ್ಚಿ, ದಾರ ಕಟ್ಟಿ, ಮಂಚದ ಪಕ್ಕದ ರಾಟೆಯ ಮೇಲಿಂದ ತೂಕ ಇಳಿಬಿಟ್ಟರು. ಅಮ್ಮ ಆ ತೂಕವನ್ನು ಕೈಯಲ್ಲಿ ಎತ್ತಿ ನೋಡಿದಳು, ದಾರವನ್ನು ಜಗ್ಗಿ ನೋಡಿದಳು, ಬೈಸಿಕೊಂಡಳು. ಬಿಳಿ ಉಡುಪಿನ ಒಬ್ಬ ಸಿಸ್ಟರ್ ಮತ್ತೆ ಮತ್ತೆ ಬಂದು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಇವಳ ಕಣ್ಣು ನನ್ನ ಬೆಳ್ಳಿ ಕಡಗದ ಮೇಲಿದೆಯೆಂದು ಅಮ್ಮನಿಗೆ ಖಾತ್ರಿ. ಮೊದಲ ದಿನವೇ ಕಡಗ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿಸ್ಟರ್ ಆಮೇಲೂ ಬಂದಾಗ ಅವಳು ಹುಡುಕುತ್ತಿದ್ದುದು ನಾಡಿಯನ್ನೆಂದು ತಿಳಿಯಿತು. ಪಕ್ಕದ ಮಂಚದಲ್ಲಿ ಕನಕಪುರದ ಕಡೆಯ ಒಬ್ಬ ಹುಡುಗನಿದ್ದ. ಅವನಿಗೂ ನನ್ನ ಹಾಗೇ ಮುರಿದಿತ್ತು, ನನ್ನ ಹಾಗೇ ಬಿಗಿಯಾಗಿ ಕಟ್ಟಿದ್ದರು. ಯಾರೂ ಬಿಚ್ಚಿರಲಿಲ್ಲ. ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಹಕ್ಕಿಯ ಉಗುರಿನ ಹಾಗೆ ಒಳಕ್ಕೆ ಸುರುಟಿ ಅಲ್ಲೇ ನಿಂತಿದ್ದವು. ಕಟ್ಟು ಇನ್ನೊಂದಿಷ್ಟು ಹೊತ್ತು ಇದ್ದಿದ್ದರೆ ನಿನ್ನ ಮಗಳಿಗೂ ಇದೇ ಎಂದು ಸಿಸ್ಟರ್ ಹೇಳಿದಳು. ಅಮ್ಮ ಆ ಹುಡುಗನ ತಾಯಿಗೆ ನಮ್ಮ ಬುತ್ತಿಯ ಅರ್ಧ ಕೊಟ್ಟಳು.

ಬಿದ್ದಾಗ ಜೊತೆಯಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ದೊಡ್ಡ ಡಾಕ್ಟರು ಕೇಳಿದ್ದಕ್ಕೆ ಅಮ್ಮ ನಂಜಣ್ಣನ ಊತದ ವಿಷಯ ಹೇಳಿದಳು. ಕರೆತನ್ನಿ, ನೋಡೋಣ ಎಂದರು. ದೊಡ್ಡಪ್ಪ ಹೆದರುತ್ತಲೇ ಕರೆತಂದ. ಎಲ್ಲ ಕೆಟ್ಟದ್ದು ಅಲ್ಲಿಂದ ಶುರುವಾಯಿತು. ನಂಜಣ್ಣನ ಎಕ್ಸ್‌ರೇ ನೋಡಿ ಡಾಕ್ಟರು ಆಪರೇಷನ್ ಆಗಬೇಕೆಂದರು. ನನಗೆ ಬೇಡ, ಅವನಿಗೆ ಬೇಕು. ಕೈಯೇ ಹಿಂದುಮುಂದಾದವಳಿಗೆ ದಾರ ಮತ್ತು ತೂಕ, ಬರೀ ಊದಿದವನಿಗೆ ಕತ್ತಿ. ಇದನ್ನು ಯಾರು ತಾನೇ ನಂಬುತ್ತಾರೆ? ದೊಡ್ಡಮ್ಮ ವಾರ್ಡಿನ ಬಾಗಿಲಲ್ಲೇ ಅಮ್ಮನನ್ನು ತಡೆದು ನಿಲ್ಲಿಸಿದಳು. ಅವಳ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನ್ನ ಮಗಳ ಕೈ ಮುರೀತು. ಅದಕ್ಕೆ ನನ್ನ ಮಗನ್ನೂ ಇಲ್ಲಿಗೆ ಎಳ್ಕೊಂಡು ಬಂದ್ಯಾ?"

ಅಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಡಾಕ್ಟರೇ ಕರೆಸಿದ್ದೆಂದು ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಅವಳೊಳಗೂ ಬೇರೊಂದು ಹುಳ ಹೊಕ್ಕಿತ್ತೆಂದು ಕಾಣುತ್ತದೆ. ಒಳ್ಳೆಯ ಚಿಕಿತ್ಸೆ ಯಾವುದು, ಕತ್ತರಿಸುವುದೋ ಕತ್ತರಿಸದಿರುವುದೋ? ಗಂಡು ಹುಡುಗನೆಂದು ಅವನಿಗೆ ದೊಡ್ಡ ಆಪರೇಷನ್ನು, ಹೆಣ್ಣಿಗೆ ಇಷ್ಟು ಸಾಕೆಂದು ದಾರ ಕಟ್ಟಿ ನೇತುಹಾಕಿದರೋ? ಒಬ್ಬಳಿಗೆ ತನ್ನ ಮಗನ ಮೇಲೆ ಕೈಚಳಕ ಕಲಿಯುತ್ತಿದ್ದಾರೆಂಬ ಅನುಮಾನ, ಇನ್ನೊಬ್ಬಳಿಗೆ ತನ್ನ ಮಗಳನ್ನು ಕಡೆಗಣಿಸಿದ್ದಾರೆಂಬ ಅನುಮಾನ. ಒಂದೇ ಒಲೆಯ ಎರಡು ಬದಿ ಕೂರುತ್ತಿದ್ದವರು ನನ್ನ ಮಂಚದ ಎರಡು ಬದಿ ಕೂತು ಒಬ್ಬರನ್ನೊಬ್ಬರು ನೋಡದೆ ಸೆರಗಿನ ಅಂಚು ಮಡಿಸುತ್ತಿದ್ದರು.

ದೊಡ್ಡಪ್ಪ ತಂದೆಯನ್ನು ಕೇಳದೆ ಸಹಿ ಹಾಕುವವನಲ್ಲ. ಕೊನೆಗೆ ತಾತನೇ ಬಂದ. ಕಂಬಳಿ ಹೆಗಲ ಮೇಲೆ, ಕೋಲು ಕೈಯಲ್ಲಿ, ಆಸ್ಪತ್ರೆಯ ನುಣುಪು ನೆಲದ ಮೇಲೆ ಬರಿಗಾಲಲ್ಲಿ ಅಳುಕುತ್ತ ನಡೆದು ಬಂದು ಡಾಕ್ಟರ ಎದುರು ನಿಂತ. ಡಾಕ್ಟರು ಎರಡು ಎಕ್ಸ್‌ರೇಗಳನ್ನು ಕಿಟಕಿಗೆ ಹಿಡಿದು ತೋರಿಸಿದರು. ತಾತ ನೋಡಲಿಲ್ಲ, ಕಾಗದದಂಥದ್ದು ಯಾವುದನ್ನೂ ನೋಡುವುದಿಲ್ಲವೆಂಬಂತೆ ಕಣ್ಣು ಬಾಗಿಲ ಕಡೆಗಿಟ್ಟಿದ್ದ. ಅವನ ಕಣ್ಣು ಇದ್ದ ಕಡೆ ಡಾಕ್ಟರೂ ನೋಡಿದರು.

"ಯಜಮಾನ್ರೇ, ನಿಮ್ಮ ಮೊಮ್ಮಗಳದು ಕಂಬ ಮುರಿದ ಹಾಗೆ. ಎಳೆದು ನೇರ ಮಾಡಿ ಅಲುಗದ ಹಾಗೆ ಇಟ್ರೆ ಕೂಡ್ಕೊಳ್ಳುತ್ತೆ. ಹುಡುಗನದು ಬಾಗಿಲ ತಿರುಗಣಿ ಒಡೆದ ಹಾಗೆ. ಚೂರು ಸಣ್ಣದೇ, ಆದ್ರೆ ಒಳಗೆ ಮಗುಚಿ ಬಿದ್ದಿದೆ. ಹೊರಗಿಂದ ಕದ ಎಷ್ಟು ತಳ್ಳಿದ್ರೂ ಅದು ಜಾಗಕ್ಕೆ ಬರಲ್ಲ. ಬಿಟ್ರೆ ಕೈ ಬೆಳೀತಾ ಬೆಳೀತಾ ಸೊಟ್ಟಗಾಗುತ್ತೆ, ಬೆರಳಿನ ಕಸುವೂ ಹೋಗುತ್ತೆ."

ತಾತ ಬಾಗಿಲ ತಿರುಗಣಿಯನ್ನು ನೋಡಿದ. "ನಿಮ್ ಮಗನೇ ಆಗಿದ್ರೆ ಮಾಡ್ತಿದ್ರಾ ಸ್ವಾಮಿ?" ಎಂದ.

"ನಿನ್ನೆಯೇ ಮಾಡ್ತಿದ್ದೆ."

ದೊಡ್ಡಪ್ಪ ಪೆನ್ನಿಗೆ ಕೈ ಚಾಚಿದ. ತಾತ ತಡೆದ. ಹೊಲ ಹೋದ ಮೇಲೆ ಎಲ್ಲೂ ಒತ್ತದಿದ್ದ ಆ ಹೆಬ್ಬೆಟ್ಟನ್ನು ತಾನೇ ಶಾಯಿಗೆ ಅದ್ದಿದ. "ಕೆಟ್ರೆ ಬೈಗುಳ ನನ್ ತಲೆ ಮೇಲಿರ್ಲಿ, ಹುಡುಗ್ರ ಮೇಲೆ ಬೇಡ," ಎಂದು ದೊಡ್ಡಮ್ಮನ ಕಡೆ ತಿರುಗಿ ಹೇಳಿದ. ದೊಡ್ಡಪ್ಪನಿಂದಲೂ ಸಹಿ ಹಾಕಿಸಿಕೊಂಡರು, ಅದು ಬೇರೆ ಮಾತು. ಮಗನನ್ನು ಒಳಗೆ ಕರೆದೊಯ್ದಾಗ ದೊಡ್ಡಮ್ಮ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಅಮ್ಮ ಎದ್ದು ಹೋಗಿ ಅವಳ ಹಿಂದೆ ಸ್ವಲ್ಪ ದೂರದಲ್ಲಿ ನಿಂತಳು. ಮುಟ್ಟಲಿಲ್ಲ.

ನಂಜಣ್ಣನ ಮೂಳೆಯ ಚೂರನ್ನು ಜಾಗಕ್ಕೆ ಕೂಡಿಸಿ ಸಣ್ಣ ತಂತಿಗಳಿಂದ ಹಿಡಿಸಿದ್ದರು. ನನ್ನ ಊತ ಇಳಿದ ಮೇಲೆ ದಾರ ಬಿಚ್ಚಿ ಕೈ ಮಡಿಸಿ ಬಿಳಿ ಪುಡಿಯ ಪ್ಲಾಸ್ಟರ್ ಕಟ್ಟು ಹಾಕಿದರು. ಒದ್ದೆ ಪಟ್ಟಿ ಸುತ್ತಿದ ಸ್ವಲ್ಪ ಹೊತ್ತಿಗೆ ಅದು ಬಿಸಿಯಾಗತೊಡಗಿತು. ನಾನು ಹೇಳಿದ್ದೇ ತಡ, ಅಮ್ಮ ಒಳಗೇನೋ ಸುಡುವ ಔಷಧ ಹಾಕಿದ್ದಾರೆಂದು ಗಲಾಟೆ ಎಬ್ಬಿಸಿದಳು. ಸಿಸ್ಟರ್ ನಗುತ್ತ ಅಮ್ಮನ ಅಂಗೈ ಎಳೆದು ಆ ಕಟ್ಟಿನ ಮೇಲಿಟ್ಟಳು. ಬೆಚ್ಚಗಿನ ಮುದ್ದೆಯ ಮೇಲೆ ಕೈಯಿಟ್ಟ ಹಾಗಿತ್ತೆಂದು ಅಮ್ಮ ಮುಂದೆ ಎಷ್ಟೋ ಸಲ ಹೇಳಿದ್ದುಂಟು.

ನಂಜಣ್ಣನ ಕೈ ನೆಟ್ಟಗಾಯಿತು. ಮೊಣಕೈಯ ಹೊರಬದಿಗೆ ಮಿಡತೆಯಷ್ಟುದ್ದದ ಕಲೆ, ಕೈ ಪೂರ್ತಿ ಚಾಚುವಾಗ ಕೊನೆಯಲ್ಲಿ ಒಂದಿಷ್ಟು ಬಿಗಿ, ಅಷ್ಟು ಬಿಟ್ಟರೆ ಏನಿಲ್ಲ. ನನ್ನದು ಕೂಡಿತು, ಬೆರಳೆಲ್ಲ ಆಡಿದವು, ಬಿಂದಿಗೆ ಎತ್ತಿದೆ, ರಂಗೋಲಿ ಎಳೆದೆ. ಆದರೆ ಕೈ ಚಾಚಿ ನಿಂತರೆ ಮೊಣಕೈಯಿಂದ ಕೆಳಗೆ ಮೈಯ ಕಡೆಗೆ ವಾಲಿ, ಕೋವಿಯ ಹಿಡಿಯ ಹಾಗೆ ಡೊಂಕಾಗಿ ಕಾಣುತ್ತಿತ್ತು. ಕೂಡುವಾಗ ಸ್ವಲ್ಪ ವಾಲಿದೆ, ಕೆಲಸಕ್ಕೇನೂ ತೊಂದರೆಯಿಲ್ಲ, ನೋಟಕ್ಕೆ ಬೇಕಿದ್ದರೆ ದೊಡ್ಡವಳಾದ ಮೇಲೆ ಆಪರೇಷನ್ ಮಾಡಿ ಸರಿಪಡಿಸಬಹುದೆಂದು ಡಾಕ್ಟರು ಹೇಳಿದರು. ಅಮ್ಮನ ಅನುಮಾನಕ್ಕೆ ಬೇರೆ ಸಾಕ್ಷಿ ಬೇಕೇ? ಹುಡುಗನಿಗೆ ಮೊದಲೇ, ಹುಡುಗಿಗೆ ಆಮೇಲೆ. ಹತ್ತಾರು ವರ್ಷಗಳ ನಂತರ ಪರಿಚಯದ ವೈದ್ಯೆಯೊಬ್ಬರು ಎಲ್ಲ ಕೇಳಿ, ಅವತ್ತಿನ ಕಾಲಕ್ಕೆ ಎರಡೂ ಸರಿಯೇ, ಈಗಾದರೆ ನಿಮ್ಮದಕ್ಕೂ ಚರ್ಮ ಕುಯ್ಯದೆ ಹೊರಗಿನಿಂದಲೇ ತಂತಿ ಚುಚ್ಚಿ ಹಿಡಿಸುತ್ತಿದ್ದೆವು ಎಂದರು. ಅದನ್ನು ಮುದುಕಿಯಾಗಿದ್ದ ಅಮ್ಮನಿಗೆ ಹೇಳಿದೆ. ಅವರವರು ಒಂದೇ, ಹಾಗೇ ಹೇಳುತ್ತಾರೆ ಎಂದಳು.

ಆಸ್ಪತ್ರೆಯಿಂದ ಬಂದ ಮೇಲೆ ಒಲೆ ಎರಡಾಯಿತು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ದೊಡ್ಡಮ್ಮ ಒಂದು ದಿನ ತನ್ನ ಪಾತ್ರೆಗಳನ್ನು ಹಿಂದಿನ ಕೋಣೆಗೆ ಒಯ್ದಳು. ಮುಂದಿನ ವರ್ಷ ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಹೊರಗೆ ನಮ್ಮ ಹೊಲದ ಮೇಲೆ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು, ಗಾರೆಯವರಿಗೆ ಬರವಿರಲಿಲ್ಲ. ನಾನು ಮತ್ತು ನಂಜಣ್ಣ ಗೋಡೆಯ ಆಚೀಚೆ ನಿಂತು ಮಾತಾಡುತ್ತಿದ್ದೆವು, ಯಾರೂ ಬೇಡವೆನ್ನಲಿಲ್ಲ. ತಾತ ಜಗಲಿಯ ಮೇಲೆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ಎರಡು ಕಡೆಯಿಂದಲೂ ಊಟ ಬರುತ್ತಿತ್ತು. ಯಾವುದನ್ನು ಮೊದಲು ಉಂಡರೂ ಒಬ್ಬರಿಗೆ ನೋವೆಂದು ಎರಡನ್ನೂ ಒಂದೇ ತಟ್ಟೆಗೆ ಹಾಕಿ ಕಲಸಿಕೊಳ್ಳುತ್ತಿದ್ದ. ಅವನು ಹೋದಾಗ ಎರಡು ಕಡೆಯವರೂ ಅತ್ತರು, ಬೇರೆ ಬೇರೆ ಕಂಬಕ್ಕೆ ಒರಗಿ ಅತ್ತರು.

ನನ್ನನ್ನು ನೋಡಲು ಕೋಣನಕುಂಟೆಯಿಂದ ಗಂಡಿನ ಕಡೆಯವರು ಬಂದದ್ದು ಅರವತ್ತರ ದಶಕದ ನಡುವಿನಲ್ಲಿ. ಅಮ್ಮ ಮುಂಗೈವರೆಗೆ ತೋಳಿರುವ ರವಿಕೆ ಹೊಲಿಸಿದ್ದಳು, ಈ ಸಲವೂ ದರ್ಜಿಯ ಎದುರಿಗೇ ನಿಂತು. ಎಲೆಅಡಿಕೆಯ ತಟ್ಟೆ ಚಾಚುವಾಗ ಕೈ ತನ್ನ ಗುಟ್ಟು ತಾನೇ ಬಿಟ್ಟುಕೊಟ್ಟಿತು. ಹುಡುಗನ ತಾಯಿ ತಟ್ಟೆ ತೆಗೆದುಕೊಳ್ಳದೆ ಮೊಣಕೈಯನ್ನೇ ನೋಡಿ, ಹುಟ್ಟಿದಾಗಿನಿಂದಲೂ ಹೀಗೇನಾ, ಮಕ್ಕಳಿಗೂ ಬರುತ್ತದಾ ಎಂದು ಕೇಳಿದರು. ಅಮ್ಮ ನನ್ನ ರವಿಕೆಯ ತೋಳನ್ನು ಕೆಳಗೆಳೆದಳು. ಅಪ್ಪ ಚಾಪೆಯ ಎಳೆ ಕೀಳುತ್ತಿದ್ದ. ಆಗ ಹಿತ್ತಲ ಬಾಗಿಲಿನಿಂದ ದೊಡ್ಡಮ್ಮ ಒಳಗೆ ಬಂದಳು. ಗೋಡೆ ಎದ್ದ ಮೇಲೆ ನಮ್ಮ ಕಡೆಯ ಹೊಸ್ತಿಲನ್ನು ಅವಳು ದಾಟಿರಲೇ ಇಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಂಬದ ಹತ್ತಿರ ನಿಂತು ಹೇಳಿದಳು.

"ಚಿಕ್ಕವಳಿದ್ದಾಗ ಬಿದ್ಲು. ನನ್ನ ಮಗನೂ ಜೊತೆಗೇ ಬಿದ್ದ. ಅವತ್ತು ನಾವೆಲ್ಲ ಸುಮ್ನೆ ನಂಬ್ಕೊಂಡು ಕೂತಿದ್ವಿ. ಇವಳ ಅಮ್ಮ ಒಬ್ಬಳು ನಂಬ್ಲಿಲ್ಲ. ಅದಕ್ಕೇ ಈ ಮನೇಲಿ ಇಬ್ಬರು ಮಕ್ಕಳಿಗೂ ಕೈ ಅಂತ ಉಳ್ಕೊಂಡಿದೆ. ಸೊಟ್ಟಗಿದ್ರೆ ಇರ್ಲಿ, ನೋಡ್ಕೊಂಡು ಹೋಗಿ."

ಹುಡುಗನ ತಾಯಿ ತಟ್ಟೆ ತೆಗೆದುಕೊಂಡರು. ಕಾಫಿ ತಂದಾಗ ಒಂದು ಲೋಟ ಕಡಿಮೆ ಬಿತ್ತು. ಅಮ್ಮ ತನ್ನದನ್ನು ದೊಡ್ಡಮ್ಮನ ಮುಂದಿಟ್ಟಳು. ದೊಡ್ಡಮ್ಮ ಕೂತು ಕುಡಿದಳು, ಸಕ್ಕರೆ ಜಾಸ್ತಿಯಾಯಿತೆಂದಳು. ಆ ಸಂಬಂಧವೇ ಕೂಡಿಬಂತು. ನೆಂಟರು ಹೋದ ಮೇಲೆ ಅಮ್ಮ ಲೋಟ ತೊಳೆಯುತ್ತ, ಅಕ್ಕ ಇವತ್ತು ಯಾಕೆ ಹಾಗಂದಳು, ಏನೋ ಇರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುತ್ತಲೇ ಅಳುತ್ತಿದ್ದಳು.

ಗೋಡೆಯನ್ನು ಯಾರೂ ಕೆಡವಲಿಲ್ಲ, ಅದರ ಮೇಲೆ ಹಾಸಿಗೆ ಒಣಹಾಕುವುದು ರೂಢಿಯಾಯಿತು. ಮಧ್ಯಾಹ್ನಗಳಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರೂ ಅದರ ಆಚೀಚೆ ನಿಂತು ಮೊಣಕೈ ಊರಿ ಮಾತಾಡುತ್ತಿದ್ದರೆಂದು, ನಾನು ತವರಿಗೆ ಹೋದಾಗಲೆಲ್ಲ ನಂಜಣ್ಣ ಹೇಳುತ್ತಿದ್ದ. ಮೊದಲು ದೊಡ್ಡಮ್ಮ ಹೋದಳು, ಆಮೇಲೆ ಅಪ್ಪ, ದೊಡ್ಡಪ್ಪ, ಅಮ್ಮ. ಮೂರು ವರ್ಷದ ಹಿಂದೆ ನಂಜಣ್ಣನೂ ಹೋದ. ಅದಕ್ಕೂ ಮೊದಲೇ ಮನೆ ಮಾರಿಯಾಗಿತ್ತು.

ಮೊನ್ನೆ ಬ್ಯಾಂಕಿನ ಕೆಲಸಕ್ಕೆ ಆ ಕಡೆ ಹೋದವಳು ಬೀದಿ ಹುಡುಕಿಕೊಂಡು ನಡೆದೆ. ಕೆರೆಯ ದಿಕ್ಕಿನಿಂದ ಅಂದಾಜು ಮಾಡಿ ನಿಂತೆ. ನಾಲ್ಕು ಅಂತಸ್ತಿನ ಮನೆಗಳು, ಕೆಳಗೆ ಕಾರುಗಳು. ಜಗಲಿ ಎಲ್ಲಿದ್ದಿರಬೇಕು, ನಡುಮನೆ ಎಲ್ಲಿ ಎಂದು ಕಣ್ಣಲ್ಲೇ ಅಳೆಯುತ್ತಿದ್ದೆ. ಗೇಟಿನ ಒಳಗೆ ಕುರ್ಚಿ ಹಾಕಿ ಕೂತಿದ್ದ ಸೆಕ್ಯುರಿಟಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಎದ್ದು ಬಂದ.

"ಯಾರು ಬೇಕಿತ್ತು ಮೇಡಂ?"

"ಯಾರೂ ಇಲ್ಲಪ್ಪ," ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ನಾನು ಬೀದಿಯ ತಿರುವು ದಾಟುವವರೆಗೂ ಗೇಟಿಗೆ ಕೈಯಿಟ್ಟು ನೋಡುತ್ತಲೇ ನಿಂತಿದ್ದ.